ಮೂಸಬಾರದ ಸೊಪ್ಪು

ನಮ್ಮ ಮನೆಯಲ್ಲಿ ಯಾರೂ ಅದನ್ನು ಗಾಂಜಾ ಎಂದು ಕರೆದದ್ದು ನನಗೆ ನೆನಪಿಲ್ಲ. ತಾತನ ಸೊಪ್ಪು ಎನ್ನುತ್ತಿದ್ದರು. ತಾತ ಎಂದರೆ ನಮ್ಮಪ್ಪನ ಅಪ್ಪನಲ್ಲ. ಕಮಲಾಪುರದಿಂದ ಕಂಪ್ಲಿ ಕಡೆಗೆ ಹೋಗುವ ದಾರಿಯಲ್ಲಿ, ಗದ್ದೆಗಳ ನಡುವಿನ ಸಣ್ಣ ಮಠವೊಂದರಲ್ಲಿ ಸಮಾಧಿಗೊಂಡು ಗದ್ದುಗೆಯಾಗಿರುವ ಒಬ್ಬ ಅವಧೂತ. ಬದುಕಿದ್ದಾಗ ಅವರು ಯಾರ ಮನೆಯಲ್ಲೂ ನೆಲೆ ನಿಲ್ಲಲಿಲ್ಲವಂತೆ, ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲವಂತೆ, ಚಿಲುಮೆಯೊಂದನ್ನು ಮಾತ್ರ ಬಿಡಲಿಲ್ಲವಂತೆ. ಹಾಗಾಗಿ ವರ್ಷಕ್ಕೊಮ್ಮೆ ಆರಾಧನೆಯ ದಿನ ಗದ್ದುಗೆಯ ಮುಂದೆ ಒಂದು ಹಿಡಿ ಒಣಗಿದ ಸೊಪ್ಪು ಇಡುವ ಪದ್ಧತಿ ಬೆಳೆದಿದೆ. ಆ ಸೇವೆ ನಮ್ಮ ಮನೆತನದ ಪಾಲಿಗೆ ಬಂದಿತ್ತು.

ಸೊಪ್ಪು ಒದಗಿಸುತ್ತಿದ್ದವರು ದೊಡ್ಡಪ್ಪ. ಅವರ ಬಾಳೆತೋಟದ ನಡುವೆ ಅದು ತಾನಾಗಿಯೇ ಹುಟ್ಟುತ್ತದೆ ಎಂದು ಅವರ ಹೇಳಿಕೆ. ನಾನು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿದವನು. ತಾನಾಗಿ ಹುಟ್ಟುವ ಗಿಡ ಪ್ರತಿ ವರ್ಷವೂ ಕಾಲುವೆಯಿಂದ ದೂರದ ಅದೇ ಮೂಲೆಯಲ್ಲಿ, ಎರಡು ಬಾಳೆಗಳ ಸರಿಯಾದ ಮಧ್ಯದಲ್ಲಿ ಏಳುವುದರ ಬಗ್ಗೆ ನನಗೆ ಕೆಲವು ಪ್ರಶ್ನೆಗಳಿದ್ದವು. ಕೇಳಲಿಲ್ಲ. ಕೇಳಿದ್ದರೆ ಅದು ತಾತನ ಇಚ್ಛೆ ಎಂಬ ಉತ್ತರ ಬರುತ್ತಿತ್ತು, ನನ್ನ ಓದು ಅದಕ್ಕೆ ಸಾಲುತ್ತಿರಲಿಲ್ಲ.

ದೇವರಿಗೆ ಏರಿಸುವ ಹೂವನ್ನು ಮೂಸಬಾರದು ಎಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ಮೂಸಿದರೆ ಅದು ಎಂಜಲಾಯಿತು. ದೊಡ್ಡಪ್ಪ ಈ ನಿಯಮವನ್ನು ಸೊಪ್ಪಿಗೂ ಅನ್ವಯಿಸಿದ್ದರು, ಅಥವಾ ಅವರಿಗಿಂತ ಮುಂಚಿನವರು ಅನ್ವಯಿಸಿದ್ದರು. ಕೊಯ್ಯುವಾಗ, ಹಿತ್ತಲ ಕೋಣೆಯ ಅಟ್ಟದ ನೆರಳಿನಲ್ಲಿ ತೂಗುಹಾಕುವಾಗ, ಒಣಗಿದ ಮೇಲೆ ಮಣ್ಣಿನ ಗಡಿಗೆಗೆ ತುಂಬುವಾಗ, ಆ ಗಡಿಗೆಯ ಬಾಯಿಯನ್ನು ಬೆಳಿಗ್ಗೆ ಬೆಳಿಗ್ಗೆ ಬಿಚ್ಚಿ ಗಾಳಿಯಾಡಿಸುವಾಗ, ಅವರು ಟವೆಲಿನಿಂದ ಮೂಗು ಬಾಯಿ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದರು. ಅಷ್ಟೇ ಅಲ್ಲ, ಮನೆಯ ಯಾರಾದರೂ ಇದರ ವಾಸನೆ ಬಂತು ಎಂದು ಬಾಯಿಬಿಟ್ಟು ಹೇಳಿದರೂ ಮೂಸಿದ ಲೆಕ್ಕವೇ. ಸೊಪ್ಪು ಕೆಟ್ಟಿತು, ಆ ವರ್ಷದ ಸೇವೆ ತಪ್ಪಿತು. ಆದ್ದರಿಂದ ಸುಗ್ಗಿ ಮುಗಿದು ಆರಾಧನೆ ಬರುವ ತನಕ ನಮ್ಮ ಮನೆಯಲ್ಲಿ ಇಡೀ ಓಣಿಗೆ ಕೇಳುವಂಥ ವಾಸನೆಯೊಂದು ಓಡಾಡುತ್ತಿತ್ತು, ಅದು ಇದೆ ಎಂದು ಹೇಳುವವರು ಯಾರೂ ಇರಲಿಲ್ಲ.

ಆ ವಾಸನೆ ಹೇಗಿತ್ತು ಎಂದು ಬರೆಯಲು ಕೂತರೆ ನನಗೆ ನನ್ನ ಮೇಲೆಯೇ ಅನುಮಾನ ಬರುತ್ತದೆ. ಮೊದಮೊದಲು ಕೊಯ್ದ ಹುಲ್ಲಿನಂತೆ, ಆಮೇಲೆ ನಾಯಿತುಳಸಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿದಂತೆ, ಕೊನೆಗೆ ಗಡಿಗೆ ಸೇರಿದ ಮೇಲೆ ಹಳೆಯ ಪೆಟ್ಟಿಗೆ ತೆರೆದಂತೆ ಎಂದು ನನ್ನ ನೆನಪು. ಅಕ್ಕನ ಪ್ರಕಾರ ಅದು ಮೊದಲಿಂದ ಕೊನೆಯವರೆಗೂ ಮಳೆಯಲ್ಲಿ ನೆಂದ ನಾಯಿಯ ವಾಸನೆ, ಬೇರೇನೂ ಅಲ್ಲ. ಓದಿನ ದಿನಗಳಲ್ಲಿ ಇಂಥ ವಾಸನೆಗಳನ್ನು ಹುಟ್ಟಿಸುವ ಸಂಯುಕ್ತಗಳ ಹೆಸರುಗಳನ್ನು ಕಲಿತೆ. ಅಂದಿನಿಂದ ನನಗೆ ನೆನಪಾಗುವುದು ವಾಸನೆಯೋ ಆ ಹೆಸರುಗಳೋ ಎಂದು ಬೇರ್ಪಡಿಸಲು ಆಗಿಲ್ಲ.

ಈ ಮೌನ ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಅಕ್ಕ ಹೋಂಸ್ಟೇ ಮಾಡಲು ಹೊರಟಳು. ಅವಳು ಪಾಠ ಹೇಳುತ್ತಿದ್ದ ಖಾಸಗಿ ಶಾಲೆ ಮುಚ್ಚಿತ್ತು. ಭಾವ ಸಂಡೂರಿನ ಗಣಿಯಲ್ಲಿ ಪಾಳಿಯ ಮೇಲೆ ದುಡಿಯುತ್ತ ವಾರಕ್ಕೊಮ್ಮೆ ಕೆಂಪು ಧೂಳಿನಲ್ಲಿ ಬಂದುಹೋಗುತ್ತಿದ್ದರು. ಅಕ್ಕನಿಗೆ ಸುಮ್ಮನೆ ಕೂರುವ ಅಭ್ಯಾಸವಿಲ್ಲ. ಹಂಪಿಗೆ ಬರುವವರೆಲ್ಲ ಕಮಲಾಪುರದ ಮೇಲೆಯೇ ಹಾಯುತ್ತಾರೆ, ನಮ್ಮ ಮುಂದಿನ ಕೋಣೆಗಳು ಖಾಲಿ ಬಿದ್ದಿವೆ ಎಂಬ ಎರಡು ಸಂಗತಿಗಳನ್ನು ಅವಳು ಕೂಡಿಸಿದಳು. ತಾನೇ ನಿಂತು ಸುಣ್ಣ ಬಣ್ಣ ಮಾಡಿಸಿದಳು, ಹೊಸ ಹಾಸಿಗೆ ತರಿಸಿದಳು, ಬಾತ್‌ರೂಮಿಗೆ ಗೀಸರ್ ಹಾಕಿಸಿದಳು. ಉಳಿದದ್ದು ಅನುಮತಿ. ಅದಕ್ಕೆ ಠಾಣೆಯಿಂದ ಒಬ್ಬರು ಬಂದು ಮನೆ ನೋಡಿ ಒಪ್ಪಿಗೆ ಹೇಳಬೇಕು. ಅವರು ಬರುವುದಾಗಿ ಫೋನು ಬಂದದ್ದು ಸೊಪ್ಪು ಗಡಿಗೆ ಸೇರಿದ ವಾರದಲ್ಲಿ.

ಆಗ ನಾನು ಯಶವಂತನಗರದಲ್ಲಿ ಅದಿರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿದ್ದೆ. ಅದಕ್ಕೆ ಮುಂಚೆ ಹೊಸಪೇಟೆಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ, ಅದಕ್ಕೂ ಮುಂಚೆ ಇನ್ನೇನೋ. ಎಲ್ಲೂ ಕಾಲು ನಿಲ್ಲದ ನನ್ನನ್ನು ಮನೆಯವರು ಅಂಥ ಮುಖ್ಯ ಕೆಲಸಗಳಿಗೆ ಕರೆಯುವುದು ಕಡಿಮೆ. ಈ ಸಲ ಅಕ್ಕ ಫೋನು ಮಾಡಿದಳು.

“ಕೆಮಿಸ್ಟ್ರಿ ಓದೀಯಲ್ಲ, ಇದಕ್ಕೊಂದು ಏನರ ಮಾಡು. ಬಾಗಿಲ ತೆಗದ್ರ ಸಾಕು, ಪೊಲೀಸ್ರಿಗೆ ನಾ ಏನೂ ಹೇಳೂದು ಬ್ಯಾಡ, ಮನಿನ ಎಲ್ಲಾ ಹೇಳತೈತಿ.”

ಏನು ವಾಸನೆ ಎಂದು ಅವಳು ಹೇಳಲಿಲ್ಲ. ದೊಡ್ಡಪ್ಪ ಅಲ್ಲೇ ಪಡಸಾಲೆಯಲ್ಲಿ ಕೂತಿರಬೇಕು. ಸಿಟ್ಟು ಬಂದಾಗಲೂ ಅಕ್ಕ ಆ ನಿಯಮ ಮೀರುತ್ತಿರಲಿಲ್ಲ.

ಒಂದು ವಿಚಿತ್ರ ನನಗೆ ಆಗಲೂ ಹೊಳೆದಿತ್ತು. ಹಂಪಿಗೆ ಬರುವ ಪ್ರವಾಸಿಗರಲ್ಲಿ ಕೆಲವರು ಬಂಡೆಗಳ ಸಂದುಗಳಲ್ಲಿ, ಹೊಳೆಯ ದಂಡೆಯ ಚಹಾ ಅಂಗಡಿಗಳಲ್ಲಿ ತಗ್ಗಿದ ದನಿಯಲ್ಲಿ ವಿಚಾರಿಸುತ್ತ ಅಲೆಯುವುದು ಇದೇ ಸೊಪ್ಪಿಗಾಗಿ. ಅಂಥವರು ತಂಗಲಿ ಎಂದು ಸಜ್ಜಾಗುತ್ತಿದ್ದ ಮನೆಯಲ್ಲಿ ಅದರ ಸುಳಿವು ಅಡಗಿಸಲು ಊದುಬತ್ತಿಯ ಪೊಟ್ಟಣಗಳು ಮುಗಿಯುತ್ತಿದ್ದವು. ಅಕ್ಕನಿಗೆ ಇದನ್ನು ಹೇಳಿದೆ. ಅವಳು ನಗಲಿಲ್ಲ.

ನಾನು ಕಂಪನಿ ಬಸ್ಸಿನಲ್ಲಿ ಊರಿಗೆ ಬರುವಾಗ ಒಂದು ಚೀಲದಲ್ಲಿ ಇದ್ದಿಲು ತಂದೆ. ಇದ್ದಿಲು ವಾಸನೆ ಹೀರುತ್ತದೆ ಎಂಬುದು ಪುಸ್ತಕದಲ್ಲಿರುವ ಮಾತು, ಸುಳ್ಳಲ್ಲ. ಅದನ್ನು ಹಿತ್ತಲ ಕೋಣೆಯ ನಾಲ್ಕು ಮೂಲೆಗಳಲ್ಲಿ ತಟ್ಟೆಗಳಲ್ಲಿ ಇಟ್ಟೆ. ಅಕ್ಕ ನನ್ನ ವಿಜ್ಞಾನವನ್ನು ಪೂರ್ತಿ ನಂಬದೆ ದಿನಕ್ಕೆ ಎರಡು ಸಲ ಫಿನಾಯಿಲಿನಿಂದ ನೆಲ ಒರೆಸಿದಳು, ಪಡಸಾಲೆಯಲ್ಲಿ ಮಲ್ಲಿಗೆ ಮಾಲೆ ತೂಗುಹಾಕಿದಳು. ಎಲ್ಲ ಸೇರಿ ಮನೆ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಮದುವೆ ನಡೆದಂತೆ ನಾರತೊಡಗಿತು. ಅದರ ನಡುವೆ ಆ ಹಳೆಯ ವಾಸನೆ ಯಾವ ಸಂಕೋಚವೂ ಇಲ್ಲದೆ ಓಡಾಡಿಕೊಂಡಿತ್ತು.

ದೊಡ್ಡಪ್ಪನಿಗೆ ಗಡಿಗೆಯನ್ನು ಕೆಲವು ದಿನ ತೋಟದ ಪಂಪ್‌ಶೆಡ್ಡಿಗೆ ಒಯ್ಯಿರಿ ಎಂದು ಕೇಳಿಕೊಂಡೆ. ಅವರು ಯಾಕೆ ಎಂದರು. ಯಾಕೆ ಎಂದು ಹೇಳುವ ಹಾಗಿರಲಿಲ್ಲ. ಹೇಳಿದರೆ ಮೂಸಿದಂತೆ. ನಾನು ಸುತ್ತಿ ಬಳಸಿ, ಪೊಲೀಸರು ಬರುತ್ತಾರೆ, ಅವರಿಗೆ ಅನುಮಾನ ಬರಬಹುದು ಎಂದೆ. ಏನು ನೋಡಿ ಅನುಮಾನ ಬರುತ್ತದೆ ಎಂದು ಅವರು ಕೇಳಿದರು. ಗಡಿಗೆ ಅಟ್ಟದ ಮೇಲಿದೆ, ಮುಚ್ಚಿದೆ, ಕಾಣುವುದಿಲ್ಲ. ಅವರ ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ. ಅವರ ಮಟ್ಟಿಗೆ ಆ ಸೊಪ್ಪಿಗೆ ವಾಸನೆಯೇ ಇಲ್ಲ, ಅವರು ಒಮ್ಮೆಯೂ ಮೂಸಿಲ್ಲವಲ್ಲ.

ಪೊಲೀಸರು ಬರುವ ಹಿಂದಿನ ದಿನ ಕಾಲವಲ್ಲದ ಕಾಲದಲ್ಲಿ ಮಳೆ ಹನಿಯಿತು. ಹಿತ್ತಲ ಕೋಣೆಯ ಹಂಚಿನ ಸಂದಿಯಿಂದ ನೀರಿಳಿದು ಗಡಿಗೆಯ ಮೇಲಿನ ಬಟ್ಟೆ ನೆಂದಿತು. ಮರುದಿನ ಬೆಳಿಗ್ಗೆ ನಾನು ಎದ್ದು ಹಿತ್ತಲಿಗೆ ಹೋದಾಗ ಏನೋ ಕಡಿಮೆಯಾಗಿದೆ ಅನ್ನಿಸಿತು. ಆಮೇಲೆ ತಿಳಿಯಿತು, ಆ ವಾಸನೆ ಇರಲಿಲ್ಲ. ಫಿನಾಯಿಲು ಇತ್ತು, ಮಲ್ಲಿಗೆ ಇತ್ತು, ಅದು ಮಾತ್ರ ಇರಲಿಲ್ಲ. ನಾನು ತಟ್ಟೆಯಲ್ಲಿದ್ದ ಇದ್ದಿಲನ್ನು ಗೌರವದಿಂದ ನೋಡಿದೆ. ಅಕ್ಕ ನೆಲ ಒರೆಸುವ ಬಟ್ಟೆ ಹಿಂಡುತ್ತ ಎದುರಾದಳು, ಅವಳ ಮುಖದಲ್ಲೂ ಗೆದ್ದ ಕಳೆ ಇತ್ತು. ಯಾರಿಂದ ಆಯಿತು ಎಂದು ನಾವು ಚರ್ಚಿಸಲಿಲ್ಲ. ಚರ್ಚಿಸುವ ಹಾಗೆಯೂ ಇರಲಿಲ್ಲ.

ನಿಜವಾಗಿ ನಡೆದದ್ದು ಇಷ್ಟು. ಸೊಪ್ಪಿಗೆ ತೇವ ತಗಲಿ ಬೂಷ್ಟು ಬಂದೀತೆಂದು ದೊಡ್ಡಪ್ಪ ಹೆದರಿದ್ದರು. ನಮ್ಮ ಕಡೆಯ ಮನೆಗಳಲ್ಲಿ ಮಂಡಕ್ಕಿಯನ್ನು ದೊಡ್ಡ ಚೀಲದಲ್ಲಿ ಕಟ್ಟಿ ಇಟ್ಟಿರುತ್ತಾರೆ. ಚೀಲದ ಬಾಯಿ ಸ್ವಲ್ಪ ಬಿಚ್ಚಿದ್ದರೂ ಸಂಜೆಯೊಳಗೆ ಅದು ಗಾಳಿಯ ತೇವ ಎಳೆದು ಮೆತ್ತಗಾಗುತ್ತದೆ. ಇದು ಇಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ದೊಡ್ಡಪ್ಪ ಮೂಗಿಗೆ ಟವೆಲು ಕಟ್ಟಿಕೊಂಡು ಸೊಪ್ಪನ್ನು ತೆಳ್ಳನೆಯ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದರು, ಅಡುಗೆಮನೆಯ ಮೂಲೆಯ ಮಂಡಕ್ಕಿ ಚೀಲದ ತಳಕ್ಕೆ ಇಳಿಸಿದರು, ಚೀಲದ ಬಾಯಿ ಭದ್ರವಾಗಿ ಬಿಗಿದರು. ತೇವ ಮಂಡಕ್ಕಿಗೆ ಹೋಯಿತು. ತೇವದ ಜೊತೆಗೆ ಮತ್ತೇನು ಹೋಗಬಹುದು ಎಂದು ಯೋಚಿಸಲು ಅವರಿಗೆ ಕಾರಣವಿರಲಿಲ್ಲ. ಅವ್ವನಿಗೆ ಅವರು ಹೇಳಲಿಲ್ಲ. ಹೇಳುವಂಥದ್ದೇನಿದೆ?

ಪೊಲೀಸರು ಹತ್ತು ಗಂಟೆಯ ಸುಮಾರಿಗೆ ಬಂದರು ಎಂದು ನನ್ನ ನೆನಪು, ಅಕ್ಕ ಮಧ್ಯಾಹ್ನ ಎನ್ನುತ್ತಾಳೆ. ಒಬ್ಬರೇ, ಬೈಕಿನ ಮೇಲೆ. ನಡುವಯಸ್ಸಿನ, ಮೃದು ಮಾತಿನ ಮನುಷ್ಯ. ಬಂಡ್ರಿಯ ಕಡೆಯವರಂತೆ. ಕೋಣೆಗಳನ್ನು ನೋಡಿದರು, ಗೀಸರಿನ ಗುಂಡಿ ಒತ್ತಿ ನೋಡಿದರು, ಬರುವವರ ಗುರುತಿನ ಚೀಟಿ ನೋಡದೆ ಇಟ್ಟುಕೊಳ್ಳಬೇಡಿ ಎಂದರು. ಹಿತ್ತಲ ಕೋಣೆಯಲ್ಲೂ ಒಂದು ಸುತ್ತು ಹಾಕಿ, ಇದ್ದಿಲಿನ ತಟ್ಟೆ ಯಾತಕ್ಕೆಂದು ಕೇಳಿದರು. ಇಲಿಗೆ ಎಂದೆ. ನನ್ನ ಪದವಿಯನ್ನು ನಾನು ಅಷ್ಟು ಬೇಗ ಮಾರಿದ್ದು ಅದೇ ಮೊದಲಲ್ಲ.

ಎಲ್ಲ ಮುಗಿದು ಅವರು ಹೊರಡಲು ಎದ್ದರು. ಆಗ ಅವ್ವ ಅಡುಗೆಮನೆಯಿಂದ ಹೊರಬಂದಳು. ನಮ್ಮ ಕಡೆ ಮನೆಗೆ ಬಂದವರನ್ನು ಒಗ್ಗರಣೆ ತಿನ್ನಿಸದೆ ಕಳಿಸುವುದಿಲ್ಲ. ಮಂಡಕ್ಕಿಯನ್ನು ನೀರಿಗೆ ಹಾಕಿ ಹಿಂಡಿ, ಉಳ್ಳಾಗಡ್ಡಿ ಮೆಣಸಿನಕಾಯಿಯ ಜೊತೆ ಎಣ್ಣೆಯಲ್ಲಿ ಕಲಸಿದ್ದು, ಪಕ್ಕಕ್ಕೆ ಬಿಸಿ ಮಿರ್ಚಿ. ಬಂದವರು ಬೀಗರಾಗಲಿ ಪೊಲೀಸರಾಗಲಿ, ಅದಕ್ಕೆ ವಿನಾಯಿತಿ ಇಲ್ಲ. ಅವ್ವ ತಟ್ಟೆ ತಂದು ಇಡುತ್ತಿದ್ದಂತೆ ಪಡಸಾಲೆಯ ಮೂಲೆಯಲ್ಲಿದ್ದ ದೊಡ್ಡಪ್ಪನ ಮುಖ ನೋಡಿದೆ. ಅವರು ತಟ್ಟೆಯನ್ನು ನೋಡಿದರು, ಅಡುಗೆಮನೆಯ ಬಾಗಿಲನ್ನು ನೋಡಿದರು, ಮತ್ತೆ ತಟ್ಟೆಯನ್ನು ನೋಡಿದರು. ಅಷ್ಟು ಹೊತ್ತಿಗೆ ಬಿಸಿ ಎಣ್ಣೆಯ ಮೇಲೆ ಎದ್ದ ಹಬೆ ನನ್ನ ತನಕ ಬಂದಿತ್ತು. ಇದ್ದಿಲಿನ ಮೇಲಿನ ನನ್ನ ಗೌರವ ಅಲ್ಲಿಗೆ ಮುಗಿಯಿತು.

ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಅವಳ ಕೋಣೆಗಳು, ಹಾಸಿಗೆಗಳು, ಇಷ್ಟು ತಿಂಗಳ ಓಡಾಟ, ಎಲ್ಲವೂ ಆ ತಟ್ಟೆಯ ಮೇಲೆ ಬಂದು ಕೂತಿತ್ತು. ಪೊಲೀಸರು ಮೊದಲ ತುತ್ತನ್ನು ಮುಖದ ಹತ್ತಿರ ತಂದವರು ಅಲ್ಲೇ ನಿಲ್ಲಿಸಿದರು.

“ಅವ್ವಾರ, ಒಗ್ಗರಣಿಗೆ ಏನೇನ್ ಹಾಕೀರಿ?”

“ಏನೈತ್ರಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಪುಟಾಣಿ ಹಿಟ್ಟು. ಯಾಕ್ರಿ, ಚಲೋ ಆಗಿಲ್ಲೇನು?”

“ಭಾಳ ಚಲೋ ಆಗೈತಿ. ಅದಕ್ಕ ಕೇಳಿದೆ.”

ಅವ್ವ ಸಂತೋಷಪಟ್ಟು ಚಹಾ ತರಲು ಒಳಗೆ ಹೋದಳು. ಅವರು ತುತ್ತನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದರು. ಆಮೇಲೆ ದೊಡ್ಡಪ್ಪನ ಕಡೆ ತಿರುಗಿದರು. ಮುಂದಿನದು ನನಗೆ ಹೀಗೆ ನೆನಪಿದೆ.

“ಹಿರೇರು ತಾತನ ಮಠದ ಕಡ್ಯೋರೇನ್ರಿ?”

“ಹೌದ್ರಿ. ನಮ್ಮ ಅಜ್ಜಾರ ಕಾಲದಿಂದ.”

“ಹಂಗಾದ್ರ ನಾ ಏನೂ ಮೂಸಿಲ್ರಿ.”

ಹೇಳಿ ತಟ್ಟೆ ಖಾಲಿ ಮಾಡಿದರು, ಚಹಾ ಕುಡಿದರು, ಹೆಲ್ಮೆಟ್ ಹಾಕಿಕೊಂಡು ಹೋದರು.

ಬೈಕಿನ ಸದ್ದು ಓಣಿ ದಾಟುವ ಮುಂಚೆಯೇ ಜಗಳ ಶುರುವಾಯಿತು. ಆದರೆ ನಾನು ನಿರೀಕ್ಷಿಸಿದ ಜಗಳವಲ್ಲ. ದೊಡ್ಡಪ್ಪ ಭಾರ ಇಳಿದವರಂತೆ ನಗುತ್ತಿದ್ದರು. ಬಟ್ಟೆಯ ಗಂಟು ಬಿಚ್ಚಿಲ್ಲ, ಸೊಪ್ಪನ್ನು ಯಾರೂ ಮುಟ್ಟಿಲ್ಲ, ತಿಂದದ್ದು ಬರೀ ಮಂಡಕ್ಕಿ. ಇನ್ನು ಮೂಸುವ ಮಾತು ಬಂದರೆ, ಮೂಸಿ ಹಿಡಿಯುವುದೇ ಕೆಲಸವಾದ ಮನುಷ್ಯ ಬಾಯಿಬಿಟ್ಟು ಮೂಸಿಲ್ಲ ಎಂದಿದ್ದಾರೆ. ಇದಕ್ಕಿಂತ ದೊಡ್ಡ ಸಾಕ್ಷಿ ತಾತನಿಗೆ ಯಾವ ವರ್ಷ ಸಿಕ್ಕಿತ್ತು? ಈ ಸಲ ಗದ್ದುಗೆಯ ಮುಂದೆ ನಿಂತು ಅದನ್ನೇ ಹೇಳುತ್ತೇನೆ ಎಂದರು. ಆರಾಧನೆಯ ದಿನ ಪೂಜಾರಿ, ಸೊಪ್ಪನ್ನು ಯಾರಾದರೂ ಮೂಸಿದ್ದಾರೆಯೇ ಎಂದು ಎಲ್ಲರೆದುರು ಕೇಳುತ್ತಾರೆ, ತಂದ ಮನೆಯವರು ಉತ್ತರ ಕೊಡಬೇಕು.

ಅಕ್ಕ ಅವರ ಮುಂದೆ ಬಂದು ನಿಂತಳು.

“ಯಾರು ಏನಂದ್ರು, ದೊಡ್ಡಪ್ಪಾ? ಅವ್ರು ಹಂಗ ಅಂದೇ ಇಲ್ಲ.”

“ನನ್ನ ಮಾರಿ ನೋಡೇ ಅಂದ್ರಲ್ಲವಾ.”

“ಮೂಸಿಲ್ಲ ಅಂದ್ರ ಮೂಸ್ಯಾರ ಅಂತ ಅರ್ಥ. ಮೂಸಿ ಬಿಟ್ಟುಹೋದ್ರು ಅಂತ ಮಠದಾಗ ನೀವು ಸಾರಿದ್ರ, ನನ್ನ ಹೋಂಸ್ಟೇ ಬೋರ್ಡ್ ಅವ್ರ ದಯಾದ ಮ್ಯಾಲೆ ನಿಂತಂಗ. ನಾಳೆ ಬ್ಯಾರೆದೋರು ಬರ್ತಾರ. ಅವ್ರು ಯಾವ ತಾತನ ಕಡ್ಯೋರೋ ಯಾರಿಗ್ಗೊತ್ತು?”

ಒಂದೇ ವಾಕ್ಯ. ಅದನ್ನು ಆಡಿದ್ದಾರೆ ಎಂದರೆ ದೊಡ್ಡಪ್ಪನ ಸೊಪ್ಪು ಉಳಿಯುತ್ತಿತ್ತು, ಆಡಿಲ್ಲ ಎಂದರೆ ಅಕ್ಕನ ಹೋಂಸ್ಟೇ ಉಳಿಯುತ್ತಿತ್ತು. ಅವ್ವ ಆಗ ಒಳಗಿದ್ದಳು. ಹಾಗಾಗಿ ಇಬ್ಬರೂ ನನ್ನ ಕಡೆ ತಿರುಗಿದರು. ಯಾವುದನ್ನೂ ಸಾಕ್ಷಿಯಿಲ್ಲದೆ ನಂಬಬಾರದು ಎಂದು ಊಟದ ಹೊತ್ತಿನಲ್ಲೂ ಭಾಷಣ ಮಾಡುತ್ತ ಬಂದ ನನಗೆ, ಸಾಕ್ಷಿ ಎಂಬುದು ಹೀಗೆ ಪಡಸಾಲೆಯಲ್ಲಿ ನಿಲ್ಲಿಸಿ ಕೇಳುವ ಸಂಗತಿ ಎಂದು ಗೊತ್ತಿರಲಿಲ್ಲ. ನಾನು ಆ ಹೊತ್ತಿಗೆ ಅಡುಗೆಮನೆಯಲ್ಲಿದ್ದೆ ಎಂದೆ.

“ಎಲ್ಲಿದ್ದಿ ನೀ?” ಅವ್ವ ಒಳಗಿಂದಲೇ ಕೇಳಿದಳು. “ಇಲ್ಲಿ ನಾ ಒಬ್ಬಾಕಿನ ಇದ್ನಲ್ಲಪಾ.”

ಕೊನೆಗೆ ಬಗೆಹರಿಸಿದವಳೂ ಅವಳೇ. ಮಠದಲ್ಲಿ ಮೂಸಿಲ್ಲ ಎಂದಷ್ಟೇ ಹೇಳಿರಿ, ಯಾರು ಮೂಸಿಲ್ಲ ಎಂದು ಯಾರೂ ಕೇಳುವುದಿಲ್ಲ ಎಂದಳು. ದೊಡ್ಡಪ್ಪನಿಗೆ ತಮ್ಮ ದೊಡ್ಡ ಸಾಕ್ಷಿ ಕೈತಪ್ಪಿದ ಬೇಸರವಿತ್ತು, ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು. ಮನೆಯಿಂದ ನಾನೂ ಬಂದು ಗದ್ದುಗೆಯ ಮುಂದೆ ನಿಲ್ಲಬೇಕು, ಉತ್ತರ ನಾನು ಕೊಡಬೇಕು. ಓದಿದವನ ಮಾತಿಗೆ ತೂಕ ಇರುತ್ತದೆಯಂತೆ.

ಆರಾಧನೆಯ ದಿನ ಬಿಳಿ ಬಟ್ಟೆಯ ಗಂಟು ಹಿಡಿದು ದೊಡ್ಡಪ್ಪ ನನ್ನ ಬೈಕಿನ ಹಿಂದೆ ಕೂತರು. ಕಬ್ಬಿನ ಗದ್ದೆಗಳ ನಡುವಿನ ಹಾದಿಯುದ್ದಕ್ಕೂ ನಾನು ವಾಸನೆಗಾಗಿ ಕಾದೆ. ಗಾಳಿ ಎದುರಿನಿಂದ ಬೀಸುತ್ತಿತ್ತು, ಏನೂ ಬರಲಿಲ್ಲ. ಅಥವಾ ಅದರ ಬಹುಪಾಲು ಮಂಡಕ್ಕಿಯಲ್ಲೇ ಉಳಿದು, ಆ ವಾರ ಮನೆಯವರೆಲ್ಲರ ಹೊಟ್ಟೆ ಸೇರಿತ್ತು. ಅವ್ವ ಚೀಲ ಬಿಸಾಡಲು ಒಪ್ಪಿರಲಿಲ್ಲ. ಮಠದಲ್ಲಿ ಪೂಜಾರಿ ಕೇಳಿದರು. ಇಲ್ಲ, ಯಾರೂ ಮೂಸಿಲ್ಲ ಎಂದೆ. ನನ್ನ ದನಿ ನನಗೇ ನಂಬುವಂತೆ ಕೇಳಿಸಿತು.

ಅಕ್ಕನಿಗೆ ಅನುಮತಿ ಬಂತು. ಬೋರ್ಡು ಏರಿತು, ಜನ ಬರತೊಡಗಿದರು. ಮುಂದಿನ ಸುಗ್ಗಿಗೆ ದೊಡ್ಡಪ್ಪ ಯಾರೂ ಹೇಳದೆಯೇ ಸೊಪ್ಪನ್ನು ತೋಟದ ಪಂಪ್‌ಶೆಡ್ಡಿಗೆ ಸಾಗಿಸಿದರು. ಅಕ್ಕನ ಕಷ್ಟ ಕೊನೆಗೂ ಅರ್ಥವಾಯಿತು ಎಂದು ನಾನು ಮೆಚ್ಚಿ ಮಾತಾಡಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. “ಆ ಮನ್ಯಾಗ ಹ್ಯಾಂಗ ಇಡ್ಲೋ? ಬರೋರೆಲ್ಲ ಮೂಸಾಕ ಬರೋರು.”

ಇತ್ತೀಚೆಗೆ ಊರಿಗೆ ಹೋದಾಗ ಅಕ್ಕನ ಜೊತೆ ಮತ್ತೆ ಆ ದಿನದ ಮಾತು ಬಂತು. ಅತಿಥಿಗಳ ಹಾಸಿಗೆಗೆ ಹೊಸ ಚಾದರ ಹಾಸುತ್ತ ಅವಳು, ಅವತ್ತು ಒಗ್ಗರಣೆ ಮಾಡಿಯೇ ಇರಲಿಲ್ಲ, ಪೊಲೀಸರಿಗೆ ಚಹಾ ಬಿಸ್ಕತ್ತು ಕೊಟ್ಟು ಕಳಿಸಿದ್ದು ಎಂದಳು. ನಾನು ತಟ್ಟೆ ಎಲ್ಲಿತ್ತು, ಅವರು ಎಲ್ಲಿ ಕೂತಿದ್ದರು, ಅವಳು ಯಾವ ಗೋಡೆಗೆ ಒರಗಿದ್ದಳು ಎಂದೆಲ್ಲ ಹೇಳಿದೆ. ಅವಳು ಚಾದರದ ತುದಿಯನ್ನು ಹಾಸಿಗೆಯಡಿ ಮಡಚಿ ಸಿಕ್ಕಿಸಿ ನೆಟ್ಟಗೆ ನಿಂತಳು.

“ಅವ್ರು ಹಂಗ ಅಂದದ್ದು ನೀ ಖರೇನ ಕೇಳಿದೇನು?”

ಹೊರಗೆ ಆಟೋ ನಿಂತ ಸದ್ದಾಯಿತು. ಯಾರೋ ಚೀಲಗಳನ್ನು ಇಳಿಸುತ್ತಿದ್ದರು. ಅವಳು ಬಾಗಿಲ ಕಡೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

“ಇಲ್ಲಕ್ಕ,” ಎಂದೆ.

“ಮತ್ತ,” ಎಂದು ಅವಳು ಸೆರಗು ಸರಿಮಾಡಿಕೊಂಡು, ಬಂದವರನ್ನು ಒಳಗೆ ಕರೆಯಲು ಹೋದಳು.